ದಿಂಬಂನಲ್ಲಿ ಎಣ್ಣೆ ನೋಡುವುದು

ಸೆರಗಿಗೆ ಬ್ರೇಕ್ ಎಣ್ಣೆಯ ವಾಸನೆ ಹತ್ತಿಕೊಂಡಿದೆ. ಸತ್ಯಮಂಗಲದಿಂದ ಬಂದವಳು ಸೀರೆ ಬದಲಿಸಬೇಕಿತ್ತು. ಸೋಮಾರಿತನ, ಕೈಕಾಲು ತೊಳೆದು ನೇರವಾಗಿ ಒಲೆಯ ಮುಂದೆ ನಿಂತು ಮುದ್ದೆಗೆ ಎಸರಿಟ್ಟೆ. ಎಸರಿನ ಆವಿ ಏಳುವಾಗಲೆಲ್ಲ ಈ ವಾಸನೆಯೂ ಏಳುತ್ತದೆ. ನೀವು ಮೂಸಿಲ್ಲದಿದ್ದರೆ ಹೇಳುತ್ತೇನೆ: ಹರಳೆಣ್ಣೆಯ ಸೀಸೆಯನ್ನು ಔಷಧಿ ಅಂಗಡಿಯ ಬೀರುವಿನಲ್ಲಿಟ್ಟು ಮರೆತ ಹಾಗಿರುತ್ತದೆ. ನನಗೂ ಇದು ಮೊನ್ನೆ ಮೊನ್ನೆಯವರೆಗೆ ಗೊತ್ತಿರಲಿಲ್ಲ. ವಾರವಾರ ತಪ್ಪದೆ ಬ್ರೇಕ್ ಎಣ್ಣೆ ನೋಡುತ್ತಿದ್ದ ಅತ್ತೆಯ ಪಕ್ಕದಲ್ಲಿ ಅಷ್ಟು ಕಾಲ ನಿಂತವಳಿಗೆ ಅದರ ವಾಸನೆ ಗೊತ್ತಿಲ್ಲದೆ ಹೋಗಿದ್ದು ಹೇಗೆ ಎಂದು ನೀವು ಕೇಳಬಹುದು. ನಾನೂ ಅದನ್ನೇ ಕೇಳಿಕೊಂಡೆ, ಬಹಳ ತಡವಾಗಿ.

ನಮ್ಮದು ತಾಳವಾಡಿ ಕಡೆಯ, ಗಡಿಯಾಚೆ ತಮಿಳುನಾಡಿಗೆ ಸೇರಿದ ಗೆಟ್ಟವಾಡಿ. ರೇಷನ್ ಕಾರ್ಡು ತಮಿಳಿನಲ್ಲಿ, ಜಗಳ ಕನ್ನಡದಲ್ಲಿ. ಮದುವೆಯಾಗಿ ಚಾಮರಾಜನಗರದ ಕಡೆಯಿಂದ ಈ ಬೆಟ್ಟಕ್ಕೆ ಬಂದಾಗ ಮನೆಯ ಮುಂದೆ ನನ್ನನ್ನು ಎದುರುಗೊಂಡಿದ್ದು ಆರತಿ ತಟ್ಟೆಗಿಂತ ಮೊದಲು ಒಂದು ಕಾರು. ಹಾಸನೂರು ಕಡೆಯ ಎಸ್ಟೇಟಿನವರು ಊರು ಬಿಡುವಾಗ ಮಾವ ಕೊಂಡುಕೊಂಡಿದ್ದ ಹಳೆಯ ಇಂಗ್ಲಿಷ್ ಕಾರು. ಬೂದಿ ಬಣ್ಣ, ಗುಂಡು ಬೆನ್ನು. ಊರವರು ಅದಕ್ಕೆ ಆನೆಮರಿ ಎಂದೇ ಹೆಸರಿಟ್ಟಿದ್ದರು. ಮಾವ ಅದನ್ನು ಬಿಚ್ಚುವರು, ಜೋಡಿಸುವರು, ಒರೆಸುವರು, ಎಲ್ಲಾ ಸರಿ. ಓಡಿಸುವುದು ಮಾತ್ರ ಆಗದು. ಘಾಟಿಗೆ ಬಂದರೆ ರಸ್ತೆ ಬಿಟ್ಟು ಕಣಿವೆ ನೋಡಿಕೊಂಡು ನಿಂತುಬಿಡುತ್ತಿದ್ದರಂತೆ. ಹಾಗಾಗಿ ಅತ್ತೆಯೇ ರಾಗಿ ಕಣದಲ್ಲಿ ಸುತ್ತಿ ಸುತ್ತಿ ಕಲಿತರು. ಹಣೆಗೆ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಬಾಯಲ್ಲಿ ಎಲೆಯಡಿಕೆ. ಎದುರು ಬಂದ ಲಾರಿಯವನು ದಾರಿ ಬಿಡದಿದ್ದರೆ ತಮಿಳಿನಲ್ಲಿ ಒಂದು, ಕನ್ನಡದಲ್ಲಿ ಎರಡು ಬೈಗುಳ. ನಾನು ಆಗ ಅವರಿಗೆ ಹೆದರಿದಷ್ಟು ಹಾಸನೂರಿನ ಕಾಡಾನೆಗೂ ಹೆದರಿದವಳಲ್ಲ.

ಮದುವೆಗೆ ಮೊದಲೇ ನನಗೆ ಸತ್ಯಮಂಗಲದಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ಅತ್ತೆ ಒಪ್ಪಿದರು. ಒಪ್ಪದವರು ಮಾವನ ಅಣ್ಣ, ನಮ್ಮ ದೊಡ್ಡಮಾವ. ಮನೆಯಲ್ಲಿ ಅವರ ಮಾತೇ ಕಡೆಯ ಮಾತು. ಅವತ್ತು ಜಗಲಿಯ ಮೇಲೆ ಕೂತು, ನನಗೆ ಕೇಳಿಸಲೆಂದೇ ಹೇಳಿದ್ದರು: “ಓದ್ಲಿ ಬುಡು, ಯಾರ್ ಬ್ಯಾಡ ಅಂದೋರು? ಒಂದು ಕೂಸು ನಿಂತ ಮ್ಯಾಕೆ ಓದು ತಂತಾನೇ ನಿಲ್ತದೆ.”

ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿ ಬೆಟ್ಟ ಇಳಿಯುತ್ತಿದ್ದೆ, ವಾರವೆಲ್ಲ ಹಾಸ್ಟೆಲ್ಲು. ಶನಿವಾರ ಅತ್ತೆ ಸಂತೆಗೆಂದು ಆನೆಮರಿಯಲ್ಲಿ ಬಂದು ನನ್ನನ್ನೂ ಕೂರಿಸಿಕೊಂಡು ಹೋಗುತ್ತಿದ್ದರು. ಮುಂದಿನ ಸೀಟಿನಲ್ಲಿ ದೊಡ್ಡಮಾವ ಖಾಯಂ. ತಾಲೂಕು ಆಫೀಸಿನಲ್ಲಿ ಅವರದೊಂದು ಜಮೀನಿನ ಪಟ್ಟಾ ಕೆಲಸವಿತ್ತು. ಅದು ಮುಗಿಯುವುದು ಅವರಿಗೇ ಬೇಕಿರಲಿಲ್ಲ ಎಂದು ನನ್ನ ಗುಮಾನಿ. ಹಿಂದೆ ನಾನು, ಒಂದು ಬುಟ್ಟಿ ತೆಂಗಿನಕಾಯಿ ಮತ್ತು ನನ್ನ ಹೊಟ್ಟೆ. ಹೊಟ್ಟೆಯನ್ನು ಬೇರೆಯಾಗಿ ಹೇಳಲು ಕಾರಣವಿದೆ. ಬಯಲುಸೀಮೆಯ ನೇರ ರಸ್ತೆಯಲ್ಲಿ ಬೆಳೆದ ಅದಕ್ಕೆ ದಿಂಬಂ ಘಾಟಿಯ ತಿರುವುಗಳು ಹಿಡಿಸುತ್ತಿರಲಿಲ್ಲ. ಇಪ್ಪತ್ತೇಳು ತಿರುವು ಎನ್ನುತ್ತಾರೆ. ನಾನು ಎಣಿಸಿದವಳಲ್ಲ, ಕಣ್ಣು ಮುಚ್ಚಿಕೊಂಡಿರುತ್ತಿದ್ದೆ. ಇಳಿಯುವಾಗ ಖಾಲಿ ಹೊಟ್ಟೆಯಲ್ಲಿ ಹೇಗೋ ನಿಭಾಯಿಸುತ್ತಿದ್ದೆ. ಹತ್ತುವಾಗ, ಮೇಲೆ ದಿಂಬಂ ತಲುಪುವ ಹೊತ್ತಿಗೆ, ಕರುಳೇ ಬಾಯಿಗೆ ಬಂದಂತಾಗುತ್ತಿತ್ತು.

ಇದರಲ್ಲೇನು ದೊಡ್ಡ ವಿಷಯ, ವಾಂತಿ ಮಾಡಿಕೊಂಡರೆ ಆಯಿತಲ್ಲ ಎನ್ನುತ್ತೀರಿ. ಅಯ್ಯೋ, ನೀವು ಹೊಸದಾಗಿ ಮದುವೆಯಾದ ಸೊಸೆಯಾಗಿ ನಮ್ಮ ಕಡೆ ಇದ್ದವರಲ್ಲ! ಹೊಸ ಸೊಸೆ ವಾಂತಿ ಮಾಡಿದರೆ ಅದಕ್ಕೆ ಒಂದೇ ಅರ್ಥ. ದೊಡ್ಡಮಾವನ ಎದುರಿಗೆ ಒಂದು ಸಲ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದರೆ ಸಾಕಿತ್ತು, ಸಂಜೆಯೊಳಗೆ ಊರಿಗೆಲ್ಲ ಸುದ್ದಿ, ಸೋಮವಾರದ ಬಸ್ಸು ನನ್ನನ್ನು ಬಿಟ್ಟೇ ಹೋಗುತ್ತಿತ್ತು. ಅಲ್ಲ, ಇದು ಬರೀ ತಿರುವಿನ ಕಾಟ ಎಂದು ಯಾರಿಗೆ ಹೇಳುವುದು? ಹೇಳಿದರೆ ಯಾರು ನಂಬುವುದು? ಹಲ್ಲು ಕಚ್ಚಿ ಕೂರುತ್ತಿದ್ದೆ.

ದಿಂಬಂ ಬಂದ ತಕ್ಷಣ ಅತ್ತೆ ಟೀ ಅಂಗಡಿಗಳನ್ನು ದಾಟಿಸಿ, ಒಂದು ಹುಣಸೆ ಮರದ ಕೆಳಗೆ ಕಾರು ನಿಲ್ಲಿಸುತ್ತಿದ್ದರು.

“ಬ್ರೇಕ್ ಎಣ್ಣೆ ನೋಡ್ಬೇಕು. ಎಲ್ಲಾ ಇಳೀರಿ.”

ಈಗಿನ ಕಾರುಗಳಲ್ಲಿ ಬ್ರೇಕ್ ಎಣ್ಣೆಯ ಡಬ್ಬಿ ಬಾನೆಟ್ಟಿನ ಕೆಳಗೆ ಕಣ್ಣಿಗೆ ಕಾಣುವಂತಿರುತ್ತದೆ. ಆನೆಮರಿಗೆ ಅದು ಇದ್ದದ್ದು ಡ್ರೈವರಿನ ಕಾಲಡಿ, ನೆಲದೊಳಗೆ. ರಬ್ಬರ್ ಮ್ಯಾಟು ಎತ್ತಿ, ತಗಡಿನ ತಟ್ಟೆ ಸರಿಸಿ, ಮಂಡಿಯೂರಿ ಬಗ್ಗಬೇಕು. ಅತ್ತೆ ಬಾಗಿಲು ತೆರೆದು, ಕೈಯಲ್ಲೊಂದು ಬಟ್ಟೆ ಹಿಡಿದು, ಅರ್ಧ ದೇಹ ಕಾರಿನೊಳಗೆ ತೂರಿಸಿ ಕೂರುತ್ತಿದ್ದರು. ಎಷ್ಟೋ ಹೊತ್ತು ಏಳುತ್ತಿರಲಿಲ್ಲ. ದೊಡ್ಡಮಾವನಿಗೆ ತಡೆಯುತ್ತಿರಲಿಲ್ಲ.

“ಅಲ್ಲವ್ವ, ಇಳಿಯಾಕ್ ಮುಂಚೆ ಬ್ರೇಕ್ ನೋಡದು ಸರಿ. ಅತ್ತಿದ್ ಮ್ಯಾಕೆ ಏನ್ ನೋಡಿಯೆ?”

“ಬಿಸ್ಲಿಗೆ ಎಣ್ಣೆ ಇಂಗಿರ್ತದೆ ಬಾವ.”

“ಅದ್ಕೆ ನಾ ಯಾಕವ್ವ ಇಳೀಬೇಕು?”

“ಕಾರು ಅಗುರಾಗ್ಬೇಕು. ಬಾರ ಇದ್ರೆ ಎಣ್ಣೆ ನಿಜ ಏಳಾಕಿಲ್ಲ. ನೀವ್ ಓಗಿ ಟೀ ಕುಡೀರಿ.”

ದೊಡ್ಡಮಾವ ಗೊಣಗುತ್ತ ಟೀ ಅಂಗಡಿಗೆ ಹೋಗುತ್ತಿದ್ದರು. ನಾನು ಮರದ ಹಿಂದಿನ ಕಡೆಗೆ ಸರಿದು ನನ್ನ ಪಾಡು ಮುಗಿಸಿ, ಬಾಯಿ ತೊಳೆದು, ಕೆಳಗಿನ ಬಯಲಿನಿಂದ ಬೀಸಿಬರುವ ಗಾಳಿಗೆ ಮುಖವೊಡ್ಡಿ ನಿಲ್ಲುತ್ತಿದ್ದೆ. ಮುಖಕ್ಕೆ ಬಣ್ಣ ಬಂದ ಮೇಲೆ ತಿರುಗಿದರೆ ಅತ್ತೆಯ ಕೆಲಸವೂ ಆಗಷ್ಟೇ ಮುಗಿದಿರುತ್ತಿತ್ತು. ಒಂದು ದಿನವೂ ಅವರು ನನ್ನ ಕಡೆ ನೋಡಲಿಲ್ಲ, ಏನವ್ವ ಎಂದು ಕೇಳಲಿಲ್ಲ. ನಾನಂತೂ ಶಿವನಿಗೆ ಕೈಮುಗಿಯುತ್ತಿದ್ದೆ: ಎಂಥ ಅದೃಷ್ಟ, ಈ ಕಾರಿಗೆ ಸರಿಯಾಗಿ ಇಲ್ಲೇ ಎಣ್ಣೆ ನೋಡಬೇಕಾಗುತ್ತದಲ್ಲ! ಜೊತೆಗೆ ಸಣ್ಣ ಮುನಿಸೂ ಇತ್ತು. ಕಾರಿನ ಮೇಲಿರುವ ಅಕ್ಕರೆಯಲ್ಲಿ ಅರ್ಧ ಸೊಸೆಯ ಮೇಲಿದ್ದರೆ ಆಗದೇ, ಎಂದು.

ಟ್ರೈನಿಂಗು ಮುಗಿಯಿತು. ಹೊಟ್ಟೆಯೂ ಪಳಗಿತು. ತಾಳವಾಡಿ ಕಡೆಯ ಶಾಲೆಗಳಲ್ಲಿ ಕನ್ನಡ ಕಲಿಸಿದೆ, ಮಕ್ಕಳನ್ನು ಹೆತ್ತೆ, ಬೆಳೆಸಿದೆ, ರಿಟೈರೂ ಆದೆ. ದೊಡ್ಡಮಾವ ಹೋದರು, ಮಾವ ಹೋದರು. ಅತ್ತೆಯ ಕೈಯಿಂದ ಸ್ಟೀರಿಂಗು ನನ್ನ ಕೈಗೆ ಬಂತು. ಬೀಗದ ಕೈ ಗೊಂಚಲು ಕೊಡುವ ಅತ್ತೆಯರಿದ್ದಾರೆ, ನಮ್ಮತ್ತೆ ಕೊಟ್ಟಿದ್ದು ಕಾರಿನ ಕೀ. ಓಡಿಸುವುದೊಂದು ಬಿಟ್ಟು ಬೇರೇನೂ ನನಗೆ ಬಾರದು. ಎಣ್ಣೆ, ಗಾಳಿ, ನೀರು ಎಲ್ಲ ತಾಳವಾಡಿಯ ಮೆಕ್ಯಾನಿಕ್ ಮಾದೇವಣ್ಣನ ಪಾಲು. ತಿಂಗಳಿಗೊಮ್ಮೆ ಅವನ ಶೆಡ್ಡಿಗೆ ಬಿಟ್ಟು, ನಾನು ಸಂತೆ ಮುಗಿಸಿ ಬರುತ್ತಿದ್ದೆ.

ಹೋದ ವರ್ಷ ಅತ್ತೆಯ ಕಣ್ಣು ಕೆಟ್ಟಿತು. ಒಂದು ಕಣ್ಣು ಪೂರಾ ಮಸುಕು. ಇನ್ನೊಂದು ಉಳಿಯಬೇಕಾದರೆ ತಿಂಗಳಿಗೊಮ್ಮೆ ಸತ್ಯಮಂಗಲಕ್ಕೆ ಬಂದು ಕಣ್ಣಿಗೆ ಸೂಜಿ ಹಾಕಿಸಿಕೊಳ್ಳಬೇಕು, ತಪ್ಪಿಸಿದರೆ ಅದೂ ಹೋಗುತ್ತದೆ ಎಂದು ಡಾಕ್ಟರು ಖಂಡಿತವಾಗಿ ಹೇಳಿದರು. ಅದೇ ಹೊತ್ತಿಗೆ ಮಾದೇವಣ್ಣನೂ ಕೈಚೆಲ್ಲಿದ. “ಟೀಚರಮ್ಮ, ಆ ನೆಲದೊಳಗಿನ ಡಬ್ಬಿಗೆ ಬಗ್ಗಾಕೆ ನನ್ ಬೆನ್ನು ಒಪ್ಪಾಕಿಲ್ಲ. ನೋಡ್ದೇ ಬುಟ್ರೆ ಘಾಟಿಲಿ ನಿಮ್ ಪಿರಾಣ.” ಹಾಗಾಗಿ ಆನೆಮರಿ ಕೊಟ್ಟಿಗೆ ಸೇರಿತು. ನಾವು ಬಸ್ಸಿನಲ್ಲಿ ಹೋದೆವು. ಬರುವಾಗ ದಿಂಬಂ ಹತ್ತಿರ ಅತ್ತೆ, ಆ ರಸ್ತೆಯನ್ನು ಅಂಗೈಯಂತೆ ಬಲ್ಲ ಅತ್ತೆ, ಅರ್ಧ ಗೆಟ್ಟವಾಡಿ ತುಂಬಿದ್ದ ಬಸ್ಸಿನಲ್ಲಿ ವಾಂತಿ ಮಾಡಿಕೊಂಡರು. ಯಾರೋ ಹಿಂದಿನಿಂದ ನಕ್ಕರು. ಅಜ್ಜಿಗೆ ಈ ವಯಸ್ಸಿನಲ್ಲಿ ಬಯಕೆಯೇ ಎಂದು ಇನ್ನೊಬ್ಬರ ತಮಾಷೆ.

ಮನೆಗೆ ಬಂದು ಚಾಪೆ ಮೇಲೆ ಕೂತು ಹೇಳಿದರು: “ನಾ ಇನ್ ಬರಾಕಿಲ್ಲ ಕಣವ್ವ. ಇರೋ ಕಣ್ಣೇ ಸಾಕು.”

ಎಷ್ಟು ಹೇಳಿದರೂ ಕೇಳಲಿಲ್ಲ. ಒಂದು ತಿಂಗಳ ಸೂಜಿ ತಪ್ಪಿಯೇ ಹೋಯಿತು. ಬೆಳಿಗ್ಗೆ ಅವರು ಒಲೆಯ ಬೆಂಕಿಯನ್ನು ಕೈಯಿಂದ ತಡಕುವುದನ್ನು ಕಂಡು ನನಗೆ ಅನ್ನ ಇಳಿಯದಾಯಿತು. ಮಾದೇವಣ್ಣನಲ್ಲಿಗೆ ಹೋಗಿ ಕೂತೆ. ಏನಾದರೂ ಮಾಡು ಮಾರಾಯ ಎಂದೆ.

ದಾರಿ ಇತ್ತು. ಕಾಲಡಿಯ ಆ ಮುಚ್ಚಳ ತೆಗೆದು, ಅದರ ಜಾಗಕ್ಕೊಂದು ಪೈಪು ಕೂರಿಸಿ, ಪೈಪನ್ನು ಬಾನೆಟ್ಟಿನೊಳಗೆ ತಂದು, ಎತ್ತರದಲ್ಲೊಂದು ಪ್ಲಾಸ್ಟಿಕ್ ಡಬ್ಬಿಗೆ ಸೇರಿಸುವುದು. ಎಣ್ಣೆ ಡಬ್ಬಿಯಲ್ಲಿ ಎಷ್ಟಿದೆ ಎಂದು ನಿಂತಲ್ಲೇ ಕಾಣುತ್ತದೆ. ಪೈಪು ಎಲ್ಲೂ ಡೊಂಕಾಗಿ ಕೆಳಗಿಳಿಯದೆ ಮೇಲಕ್ಕೇ ಹೋಗಬೇಕು, ಇಲ್ಲದಿದ್ದರೆ ಗಾಳಿ ಸಿಕ್ಕಿಕೊಂಡು ಬ್ರೇಕು ಹಿಡಿಯುವುದಿಲ್ಲ. ಅದಕ್ಕಾಗಿ ಮಾದೇವಣ್ಣ ಮನೆಗೇ ಬಂದು, ಬಾಯಲ್ಲಿ ಬೀಡಿ ಕಚ್ಚಿಕೊಂಡು, ಬೆಳಗೆಲ್ಲ ಅಳೆದು ಅಳೆದು ನೋಡಿದ. ಅತ್ತೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಕಾಣದಿದ್ದರೂ ಬೆರಳು ಹುಳುಕನ್ನು ಬಿಡುತ್ತಿರಲಿಲ್ಲ.

“ಟೀಚರಮ್ಮ, ಆ ದೊಡ್ ಸ್ಪ್ಯಾನರ್ ಕೊಡಿ. ಇದೊಂದು ದಪ ಬಗ್ಗೇ ಬುಡ್ತೀನಿ.”

“ಸ್ಪ್ಯಾನರ್ ಯಾಕೆ? ಕೈಯಲ್ಲೇ ತಿರುಗಿಸು. ನಮ್ಮತ್ತೆ ವಾರವಾರ ಕೈಯಲ್ಲೇ ತೆಗೀತಿದ್ರಲ್ಲ.”

ಮಾದೇವಣ್ಣ ಬೀಡಿ ತೆಗೆದು ನನ್ನ ಮುಖ ನೋಡಿದ. “ಕೈಲಾ? ಇದ್ನಾ? ಬೀಮಸೇನ ಬಂದ್ರೂ ಆಗಾಕಿಲ್ಲ. ಹಿತ್ತಾಳೆ ಮುಚ್ಳ, ಇಷ್ಟುದ್ದ ಸ್ಪ್ಯಾನರ್ ಆಕಿ ಎಗರ್ಬೇಕು. ನಿಮ್ ಮಾವ್ನೋರು ಇದ್ದಾಗ ಶನಿವಾರ ಕಾರು ಒರಡಾಕ್ ಮುಂಚೆ ಇದೇ ಕೊಟ್ಟಿಗೇಲಿ ಅವ್ರೇ ಬಿಚ್ಚಿ ನೋಡೋರು. ಸ್ಪ್ಯಾನರ್ ಈ ಗೋಡೆ ಮೊಳೆ ಬುಟ್ಟು ಎಲ್ಲೂ ಓಗಿಲ್ಲ.”

ನಾನು ಗೋಡೆ ನೋಡಿದೆ. ಮೊಳೆಯ ಕೆಳಗೆ ಆ ಸ್ಪ್ಯಾನರಿನ ಆಕಾರ ಸುಣ್ಣದ ಮೇಲೆ ಕಪ್ಪಗೆ ಅಚ್ಚಾಗಿತ್ತು. ಆಮೇಲೆ ಜಗಲಿ ನೋಡಿದೆ. ಅತ್ತೆ ಅವರೆಕಾಯಿಯನ್ನು ತೀರಾ ಶ್ರದ್ಧೆಯಿಂದ ಬಿಡಿಸುತ್ತಿದ್ದರು.

“ಅತ್ತೆ, ದಿಂಬಂನಲ್ಲಿ ನೀವು ಒಂದು ದಿನವೂ ಆ ಮುಚ್ಚಳ ತೆಗೆಯಲೇ ಇಲ್ಲವಾ?”

“ರೋಡಲ್ಲಿ ತೆಗುದ್ರೆ ದೂಳು ಬೀಳಾಕಿಲ್ವಾ? ಬ್ರೇಕು ಕಣವ್ವ, ಆಟ್ವಾ?”

“ಮತ್ತೆ ಅಷ್ಟು ಹೊತ್ತು ಮಂಡಿಯೂರಿ ಏನು ನೋಡುತ್ತಿದ್ದಿರಿ?”

“ಏನ್ ನೋಡಾನ. ಮ್ಯಾಟು ನೋಡ್ತಿದ್ದೆ.” ಒಂದು ಕಾಯಿ ಬಿಡಿಸಿ ಕಾಳು ಮೊರಕ್ಕೆ ಹಾಕಿದರು. “ನಮ್ ಬಾವ ನಿನ್ ಮಕ ಕಂಡಿದ್ರೆ ಅತ್ತಾಗೆ ತೊಟ್ಲು ಕಟ್ಸೋರು, ಇತ್ತಾಗೆ ನಿನ್ ಪುಸ್ತಕ ಅಟ್ಟಕ್ ಆಕೋರು. ನಾನೂ ಓದ್ಬೇಕು ಅಂತಿದ್ದೋಳೇ ಕಣವ್ವ. ನಂಗೆ ಕಾರು ನಿಲ್ಸೋರು ಇರ್ನಿಲ್ಲ.”

ಅಷ್ಟು ಶನಿವಾರ ಆ ಕಲ್ಲುನೆಲದ ಮೇಲೆ ಮಂಡಿಯೂರಿದ್ದು ನನ್ನ ಓದಿಗೆ. ನಾನು ಎಷ್ಟು ಮಕ್ಕಳಿಗೆ ಅಕ್ಷರ ತಿದ್ದಿಸಿದೆನೋ ಅವೆಲ್ಲ ಆ ಮಂಡಿಯ ಋಣ. ಕೊಟ್ಟಿಗೆಯಲ್ಲಿ ನಿಂತು ಅಳುವುದು ಬೇಡವೆಂದು ಮಾದೇವಣ್ಣನಿಗೆ ಕಾಫಿ ತರುವ ನೆಪದಲ್ಲಿ ಒಳಗೆ ಹೋದೆ. ಹಿಂತಿರುಗಿದಾಗ ಅವನು ಹೊಸ ಡಬ್ಬಿಗೆ ಎಣ್ಣೆ ಸುರಿದು, ನನ್ನನ್ನು ಸೀಟಿಗೆ ಕೂರಿಸಿ ಬ್ರೇಕು ತುಳಿಯಲು ಹೇಳಿದ. ತುಳಿದಂತೆಲ್ಲ ಡಬ್ಬಿಯಲ್ಲಿ ಗುಳುಗುಳು ಗುಳ್ಳೆ ಎದ್ದು, ಕಡೆಗೆ ನಿಂತು, ಪೆಡಲು ಕಲ್ಲಿನಂತೆ ಗಟ್ಟಿಯಾಯಿತು.

“ಹೊಸ ಡಬ್ಬಿ ಘಾಟಿಯಲ್ಲಿ ಹೇಗಿದೆ ಅಂತ ನೋಡಬೇಕು, ಬ್ರೇಕು ತಿಳಿದವರು ಪಕ್ಕದಲ್ಲಿ ಬೇಕು” ಎಂದು ಅತ್ತೆಗೆ ಹೇಳಿದೆ. ನನ್ನ ಉಪಾಯ ಅವರಿಗೆ ತಿಳಿಯದೇ ಇರುತ್ತದೆಯೇ? ಆದರೂ ಸೀರೆ ಉಟ್ಟುಕೊಂಡು ಬಂದು ಮುಂದೆ ಕೂತರು.

ಇವತ್ತು ಹೋಗಿಬಂದೆವು. ಸೂಜಿ ಆಯಿತು, ಕಣ್ಣಿಗೆ ಬಿಳಿ ಪಟ್ಟಿ ಹಾಕಿ ಕಳಿಸಿದರು. ಹಿಂದಿನ ಸೀಟಿನಲ್ಲಿ ನನ್ನ ಯಜಮಾನರು, ಪಕ್ಕದ ಮನೆಯ ಪುಟ್ಟಮ್ಮ. ಪುಟ್ಟಮ್ಮನ ಬಾಯಿ ಎಂದರೆ ಊರಿನ ಮೈಕು, ಬಸ್ಸಿನ ಕಥೆಯನ್ನು ಮನೆಮನೆಗೆ ಹಂಚಿದ್ದು ಅವಳೇ. ಮೇಲಿನ ತಿರುವುಗಳು ಬರುತ್ತಿದ್ದಂತೆ ಅತ್ತೆ ಮಾತು ನಿಲ್ಲಿಸಿದರು. ಸೆರಗು ಬಾಯಿಗೆ ಹೋಯಿತು. ಮುಖ ಬೂದಿಯಾಯಿತು. ನನಗೆ ಆ ಮುಖ ಚೆನ್ನಾಗಿ ಗೊತ್ತು, ಒಂದು ಕಾಲದಲ್ಲಿ ಅದು ನನ್ನದೇ.

ದಿಂಬಂನಲ್ಲಿ ಹುಣಸೆ ಮರದ ಕೆಳಗೆ ನಿಲ್ಲಿಸಿದೆ.

“ಬ್ರೇಕ್ ಎಣ್ಣೆ ನೋಡ್ಬೇಕು. ಎಲ್ಲಾ ಇಳೀರಿ.”

“ಈಗ ಡಬ್ಬಿ ಮೇಲೇ ಇದೆಯಲ್ಲೇ, ಒಂದು ಗಳಿಗೆ ಕೆಲಸ” ಎಂದರು ಯಜಮಾನರು.

“ಕಾರು ಹಗುರಾಗಬೇಕು. ಪುಟ್ಟಮ್ಮನ್ನ ಕರ್ಕೊಂಡು ಹೋಗಿ ಟೀ ಕುಡೀರಿ.”

ಅವರು ಹೋದರು. ಅತ್ತೆ ಇಳಿದು, ಮರವನ್ನು ಕೈಯಿಂದ ತಡವಿಕೊಂಡು ಅದರ ಹಿಂದಿನ ಕಡೆಗೆ ಹೋದರು. ನಾನು ಬಾನೆಟ್ಟು ಎತ್ತಿ ತಲೆ ಒಳಗಿಟ್ಟೆ. ಎಣ್ಣೆ ಎರಡು ಗೆರೆಗಳ ನಡುವೆ ಸರಿಯಾಗಿತ್ತು, ಮೊದಲ ನೋಟಕ್ಕೇ ಕಂಡಿತ್ತು. ಆದರೂ ನೋಡಿದೆ. ಡಬ್ಬಿಯ ಅಂಚಿನಲ್ಲಿ ಒಸರಿದ್ದ ಹನಿಯನ್ನು ಸೆರಗಿನಿಂದ ಒರೆಸಿದೆ, ಮತ್ತೆ ಒರೆಸಿದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬುದನ್ನು ಜನ ಸೇಡಿನ ಗಾದೆಯಂತೆ ಆಡುತ್ತಾರೆ. ನನಗಂತೂ ಆ ಬಾನೆಟ್ಟಿನೊಳಗೆ ತಲೆ ಇಟ್ಟು ನಿಂತಾಗ ಅದರಷ್ಟು ಒಳ್ಳೆಯ ಗಾದೆ ಇಲ್ಲವೆನ್ನಿಸಿತು.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ದನಿ ಬಂತು. “ಎಣ್ಣೆ ಸರ್ಯಾಗ್ ಅದಾ?”

“ಇನ್ನೂ ನೋಡ್ತಿದ್ದೀನಿ ಅತ್ತೆ.”

“ನೋಡು, ನೋಡು. ಆತ್ರ ಬ್ಯಾಡ.”

ಎಸರು ಕುದಿಯಿತು, ಹಿಟ್ಟು ಬೆಂದಿತು. ಮುದ್ದೆ ಕಟ್ಟಿ ಅತ್ತೆಯ ತಟ್ಟೆಗೆ ಹಾಕಲು ಬಗ್ಗಿದರೆ, ಪಟ್ಟಿ ಕಟ್ಟಿದ ಮುಖವನ್ನು ನನ್ನ ಸೆರಗಿನ ಕಡೆ ತಿರುಗಿಸಿ ಒಂದು ಸಲ ಮೂಸಿದರು. ಸಾರಿಗೆ ಅದ್ದಿ ಒಂದು ತುತ್ತು ನುಂಗಿದರು. ಆಮೇಲೆ, ಪಕ್ಕದ ಮನೆಯ ಪುಟ್ಟಮ್ಮನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು:

“ಬರೋ ತಿಂಗ್ಳೂ ದಿಂಬಂನಲ್ಲಿ ನಿಲ್ಸವ್ವ. ಹೊಸ ಡಬ್ಬಿ, ನಂಬಾಕಾಗಾಕಿಲ್ಲ.”