ಹುಬ್ಬಳ್ಳಿಗೆ ಬಂದ ತಂಡದ ಹೆಸರು

ಮೊನ್ನೆ ನಮ್ಮ ಯರಗುಪ್ಪಿಯ ಮನೆಯ ಪಡಸಾಲೆಯಲ್ಲಿ ಹೆಂಡತಿ ತಾಟಿನಲ್ಲಿ ಅಕ್ಕಿ ಹರಡಿಕೊಂಡು ಹರಳು ಆರಿಸುತ್ತಿದ್ದಳು. ಎದುರಿಗೆ ನಾನು ಮೊಬೈಲು ಹಿಡಿದು ಕಬಡ್ಡಿ ತಂಡವೊಂದಕ್ಕೆ ನಾಮಕರಣ ಮಾಡುತ್ತಿದ್ದೆ. ನಗಬೇಡಿ. ಕರಾವಳಿಯ ಒಂದು ಪಟ್ಟಣದಲ್ಲಿ ಏಳೆಂಟು ವರ್ಷ ಆಡಿದ ತಂಡವನ್ನು ಯಾರೋ ಧಣಿಗಳು ಕೊಂಡು, ಆಟಗಾರರ ಸಮೇತ ಹುಬ್ಬಳ್ಳಿಗೆ ತಂದಿದ್ದಾರೆ. ಹೊಸ ಹೆಸರನ್ನು ಜನರೇ ಸೂಚಿಸಬೇಕಂತೆ. ಹರೆಯದಲ್ಲಿ ನಾಲ್ಕು ಊರು ತಿರುಗಿ ಕಬಡ್ಡಿ ಆಡಿ ಮೊಣಕಾಲು ಕೆಡಿಸಿಕೊಂಡ ನನಗಿಂತ ಯೋಗ್ಯರು ಯಾರಿದ್ದಾರೆ, ಹೇಳಿ?

ಹಳೆಯ ಹೆಸರು ‘ಸಾಗರ ಸರದಾರರು’. ಎರೆಹೊಲದ ಸೀಮೆಗೆ ಸಾಗರ ಎಲ್ಲಿಂದ ಬರಬೇಕು? ‘ಎರೆನಾಡ ಹುಲಿಗಳು’ ಎಂದು ಬರೆದು ಗಟ್ಟಿಯಾಗಿ ಓದಿದೆ. ಬಾಜು ಮನೆಯ ಫಕ್ಕೀರಪ್ಪ ಕಾಕಾ ಕಟ್ಟೆಯ ಮೇಲಿಂದಲೇ ನಕ್ಕರು. “ಈ ಸೀಮ್ಯಾಗ ಹುಲಿ ಯಾವಾಗ ನೋಡೀಯಲೇ ತಮ್ಮಾ? ಇರೂವು ಚಿಗರಿ. ಚಿಗರಿ ಅಂತ ಬರಿ.” ಜಿಂಕೆಯೂ ಒಳ್ಳೆಯದೇ, ಹಿಡಿಯಲು ಬಂದವರ ಕೈಗೆ ಸಿಗದೆ ಜಿಗಿಯುತ್ತದೆ. ಆದರೆ ಎದುರಾಳಿ ಹೆದರುವುದಿಲ್ಲವಲ್ಲ ಎಂದು ವಾದಕ್ಕಿಳಿದೆ.

ಹೆಂಡತಿ ತಲೆ ಎತ್ತದೆ ಕೇಳಿದಳು: “ಆಡೂ ಹುಡುಗೂರು ಅವರಽ ಅಲ್ಲೇನ್ರಿ? ಇದ್ದ ಹೆಸರು ಯಾಕ ತಗೀತೀರಿ?”

“ನಮ್ಮೂರಿಗೆ ಬಂದ ಮ್ಯಾಲೆ ನಮ್ಮ ಹೆಸರಽ ಇರಬೇಕಲ್ಲ” ಎಂದೆ.

ಅವಳ ಕೈ ಅಕ್ಕಿಯ ಮೇಲೆ ನಿಂತಿತು. “ಅತ್ತಿಯವರೂ ಹಿಂಗಽ ಅಂದಿದ್ರು” ಎಂದಷ್ಟೇ ಹೇಳಿ ಮತ್ತೆ ಆರಿಸತೊಡಗಿದಳು.

ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವ ಪದ್ಧತಿ ನಿಮಗೆ ಗೊತ್ತಿದ್ದೀತು. ನವಲಗುಂದದಿಂದ ಬಂದ ಕಸ್ತೂರಿಯನ್ನು ಸುಮಂಗಲಾ ಮಾಡಿದವನು ನಾನೇ. ತಾಟಿನ ಅಕ್ಕಿಯ ಮೇಲೆ ಉಂಗುರದಿಂದ ಬರೆದೆ. ಅಕ್ಷರ ದುಂಡಗಿವೆ ಎಂದು ಹಿರಿಯರು ಹೊಗಳಿದ್ದಕ್ಕೆ ಉಬ್ಬಿಹೋಗಿದ್ದೆ. ಅವಳನ್ನು ಯಾರೂ ಕೇಳಲಿಲ್ಲ. ತಮಾಷೆ ಎಂದರೆ, ಅಷ್ಟು ಚಂದ ಬರೆದ ಹೆಸರನ್ನು ನಾನು ಒಂದು ದಿನವೂ ಕರೆಯಲಿಲ್ಲ. ಹೆಂಡತಿಯ ಹೆಸರು ಹಿಡಿದು ಕೂಗುವುದು ನಮ್ಮ ಮನೆಯಲ್ಲಿ ನಾಚಿಕೆಯ ಮಾತು. “ಏ, ಇಲ್ಲೆ ಬಾ” ಎನ್ನುವುದರಲ್ಲೇ ಮೂವತ್ತು ವರ್ಷ ಕಳೆದವು.

ಮೊದಲ ವರ್ಷ ಅವ್ವ “ಸುಮಂಗಲಾ” ಎಂದು ಕರೆದರೆ ಅವಳು ತಿರುಗುತ್ತಲೇ ಇರಲಿಲ್ಲ. “ಸೊಸಿಗೆ ಕಿವಿ ಮಂದ ಅದಾವೇನೊ” ಎಂದು ಅವ್ವನಿಗೆ ಅನುಮಾನ. ಆ ಕಿವಿ ಎಷ್ಟು ಚುರುಕು ಎಂಬುದನ್ನು ನಾನು ನವಲಗುಂದದಲ್ಲಿ ನೋಡಿದೆ. ಅವಳಣ್ಣ ಬಾಗಿಲಲ್ಲಿ ಚಪ್ಪಲಿ ಬಿಡುತ್ತ “ಕಸ್ತೂರೀ” ಎಂದರೆ ಸಾಕು, ಕೈಗೆ ಹತ್ತಿದ ರೊಟ್ಟಿ ಹಿಟ್ಟಿನ ಸಮೇತ ಓಡಿ ಬರುತ್ತಿದ್ದಳು. ಆಗಲೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ. ಒಂದಿಷ್ಟು ಹೊಟ್ಟೆಕಿಚ್ಚು ಮಾತ್ರ ಆಗಿತ್ತು.

ಹೋದ ವರ್ಷ ಆ ಅಣ್ಣನೂ ತೀರಿಕೊಂಡ. ಮಣ್ಣು ಮುಗಿಸಿಕೊಂಡು ಬಸ್ಸಿನಲ್ಲಿ ಬರುವಾಗ ಅವಳು ಕಿಟಕಿಯತ್ತ ಮುಖ ಮಾಡಿ ಹೇಳಿದ್ದಳು: “ಇನ್ನ ಕಸ್ತೂರಿ ಅಂತ ಕರಿಯಾವ್ರು ಯಾರೂ ಉಳೀಲಿಲ್ಲರಿ.” ನಾನು ಕಿಸೆಯಲ್ಲಿ ಟಿಕೆಟ್ಟು ಹುಡುಕುತ್ತಿದ್ದೆ. “ಹೂಂ” ಎಂದಿದ್ದೆ.

ಈಗ ಅಕ್ಕಿಯ ತಾಟಿನ ಎದುರು ಕುಳಿತು ಆ ‘ಹೂಂ’ ನೆನೆದು ನಾಚಿಕೆಯಾಯಿತು. ಹುಲಿಯನ್ನು ಅಳಿಸಿದೆ. ಹೊಸ ಹೆಸರು ಎಂಬ ಜಾಗದಲ್ಲಿ ‘ಸಾಗರ ಸರದಾರರು’ ಎಂದೇ ತುಂಬಿ ಕಳಿಸಿದೆ. ಧಣಿಗಳು ಒಪ್ಪಲಿಕ್ಕಿಲ್ಲ. ಆದರೆ ಜನ ಕೂಗಿದಾಗ ಆ ಹುಡುಗರು ಥಟ್ಟನೆ ತಿರುಗಿ ನೋಡುವ ಹೆಸರು ಅದೇ.

ಅಷ್ಟರಲ್ಲಿ ಅವಳು ಅಕ್ಕಿ ತೊಳೆಯಲು ಒಳಗೆ ಹೋಗಿದ್ದಳು. ಗಂಟಲು ಸರಿಮಾಡಿಕೊಂಡು ಪಡಸಾಲೆಯಿಂದ ಕರೆದೆ: “ಕಸ್ತೂರೀ…”

ಒಳಗೆ ಪಾತ್ರೆ ಕೆಳಗಿಟ್ಟ ಸಪ್ಪಳವಾಯಿತು. ಒದ್ದೆ ಕೈಯಲ್ಲೇ ಓಡಿ ಬಂದವಳು ನನ್ನನ್ನು ನೋಡಲಿಲ್ಲ; ನನ್ನನ್ನು ದಾಟಿ ತಲೆಬಾಗಿಲಿನತ್ತ ನೋಡಿದಳು.

“ಯಾರ್ರಿ ಬಂದಾರ?”

“ಯಾರೂ ಇಲ್ಲ. ನಾನಽ ಕರದೆ.”

ಬಾಗಿಲನ್ನು ಇನ್ನೊಂದು ಸಲ ನೋಡಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಲ್ಲೇ ಕಂಬಕ್ಕೊರಗಿ ಕುಳಿತಳು.

“ಇನ್ನೊಮ್ಮಿ ಕರೀರಿ” ಎಂದಳು.