ಬಕೆಟ್ಟಿನ ಭತ್ತ

ನಿನ್ನೆ ಸಂಜೆ ಮನೆಯನ್ನು ಬೆಚ್ಚಗಿಡುವ ಏಸಿ ಕೈಕೊಟ್ಟಿತು. ಸೆಪ್ಟೆಂಬರ್ ಬಂದರೂ ಪರ್ತ್‌ನ ಈ ಹ್ಯಾರಿಸ್‌ಡೇಲ್‌ನಲ್ಲಿ ಚಳಿ ಇನ್ನೂ ಬಿಟ್ಟಿರಲಿಲ್ಲ. ಗರಾಜಿನ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಹಳೆಯ ಹೀಟರನ್ನು ಹುಡುಕಿ ತಂದು ಸ್ವಿಚ್ ಹಾಕಿದೆ. ಒಳಗಿನ ಧೂಳು ಕಾದು ಸುಟ್ಟ ವಾಸನೆ ಬಂತು. "ಅಮ್ಮಾ, ಸಮ್‌ಥಿಂಗ್ಸ್ ಬರ್ನಿಂಗ್!" ಎಂದು ಮಗಳು ಮೂಗು ಹಿಡಿದುಕೊಂಡು ಆಚೆ ಓಡಿದಳು. ನಾನು ಮಾತ್ರ ಅಲ್ಲೇ ಕುಳಿತೆ. ಈ ವಾಸನೆಯ ಜೊತೆ ಒದ್ದೆ ಮಣ್ಣಿನ ವಾಸನೆಯೂ ಇರಬೇಕಿತ್ತಲ್ಲ ಎನ್ನಿಸಿತು... ನನ್ನ ಪಾಲಿಗೆ ಚಳಿಗಾಲವೆಂದರೆ ಇವೆರಡೂ ಬೆರೆತ ವಾಸನೆ. ಅದನ್ನು ನನಗೆ ಅಂಟಿಸಿದವರು ಅಡಿಲೇಡ್‌ನಲ್ಲಿ ನನಗೆ ಬಾಡಿಗೆಗೆ ಕೋಣೆ ಕೊಟ್ಟಿದ್ದ ಅಂಕಲ್.

ನಾನು ಮಂಡ್ಯದ ಕಡೆಯವಳು. ಪಿಎಚ್‌ಡಿ ಮಾಡಲು ಅಡಿಲೇಡ್‌ಗೆ ಹೊರಟಾಗ ಆಸ್ಟ್ರೇಲಿಯಾ ಎಂದರೆ ಬಿಸಿಲು, ಸಮುದ್ರ, ಕಾಂಗರೂ ಎಂದು ಎಲ್ಲರೂ ಹೇಳಿದ್ದರು. ಅವರ ಮಾತು ನಂಬಿ ಸೂಟ್‌ಕೇಸ್ ತುಂಬ ಹತ್ತಿ ಬಟ್ಟೆ ತುಂಬಿಕೊಂಡು ಜೂನ್ ತಿಂಗಳಲ್ಲಿ, ಅಂದರೆ ಅಲ್ಲಿಯ ಚಳಿಗಾಲದಲ್ಲಿ, ಬಂದಿಳಿದೆ. ಅಲ್ಲಿಯ ಮನೆಗಳದ್ದು ಒಂದು ವಿಚಿತ್ರ, ಹೊರಗಿನ ಚಳಿಯಾದರೂ ತಡೆಯಬಹುದು, ಒಳಗಿನದು ತಡೆಯಲಾಗದು. ತೆಳು ಗಾಜಿನ ಕಿಟಕಿ, ಕಾಲು ಊರಿದರೆ ಜುಮ್ಮೆನ್ನುವ ನೆಲ. ಸ್ವೆಟರ್, ಕಾಲುಚೀಲ, ಅಪ್ಪ ಕಳಿಸಿದ್ದ ಮಂಕಿ ಕ್ಯಾಪ್, ಎಲ್ಲ ಹಾಕಿಕೊಂಡು ಮಲಗುತ್ತಿದ್ದೆ. ನಾನು ಓದುತ್ತಿದ್ದದ್ದು ಚೌಳು ಮಣ್ಣಿನಲ್ಲಿ ಗೋಧಿ ಹೇಗೆ ಬದುಕುತ್ತದೆ ಎಂಬುದನ್ನು. ಕ್ಯಾಂಪಸ್ಸಿನ ಗ್ಲಾಸ್‌ಹೌಸಿನಲ್ಲಿ ಆ ಗೋಧಿ ಗಿಡಗಳಿಗೆ ಹಗಲೂ ರಾತ್ರಿ ಹಿತವಾದ ಶಾಖ. ಗಿಡಗಳಿಗಿದ್ದ ಭಾಗ್ಯ ನನಗಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಕೆಲಸ ಮುಗಿದ ಮೇಲೂ ಏನೋ ನೆಪ ಹೇಳಿಕೊಂಡು ಅಲ್ಲೇ ಕೂತಿರುತ್ತಿದ್ದೆ.

ಅಂಕಲ್ ಉಡುಪಿ ಹತ್ತಿರದ ಹಳ್ಳಿಯವರು, ಕ್ಯಾಥೊಲಿಕ್ಕರು. ಕುವೈತಿನಲ್ಲಿ ಬಹಳ ವರ್ಷ ಇದ್ದು, ಆಮೇಲೆ ಆಂಟಿ ಮತ್ತು ಒಬ್ಬಳೇ ಮಗಳೊಂದಿಗೆ ಅಡಿಲೇಡ್‌ಗೆ ಬಂದಿದ್ದರು. ವೃದ್ಧರ ಹೋಮ್ ಒಂದರ ಅಡುಗೆಮನೆಯಲ್ಲಿ ಕೆಲಸ. ನನ್ನನ್ನು 'ಡಾಕ್ಟ್ರೇ' ಎಂದು ಕರೆಯುತ್ತಿದ್ದರು, ಮೊದಲ ದಿನದಿಂದಲೇ, ತಮಾಷೆಗೆ. ಕರೆಂಟಿನ ವಿಷಯದಲ್ಲಿ ಮಹಾ ಜಿಪುಣರು. ನನ್ನ ಕೋಣೆಯಲ್ಲಿ ಹೀಟರ್ ಸದ್ದು ಕೇಳಿದರೆ ಸಾಕು, ಬಾಗಿಲ ಹೊರಗೆ ಒಂದು ಕೆಮ್ಮು ಕೇಳುತ್ತಿತ್ತು.

ನಾನಿದ್ದ ಕೋಣೆ ಅವರ ಮಗಳದ್ದು. ಅವಳು ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನಲ್ಲಿ ಒಬ್ಬಳೇ ಇದ್ದಳು. ಅಂಕಲ್ ತಾವೇ ಹುಡುಕಿ ಮದುವೆ ಮಾಡಿಸಿದ್ದ ಗಂಡನನ್ನು ಅವಳು ಬಿಟ್ಟು ಬಂದಾಗ, ಅಂಕಲ್ ಬಾಗಿಲಲ್ಲೇ ನಿಲ್ಲಿಸಿ "ವಾಪಸ್ ಹೋಗು, ಹೊಂದಿಕೊಂಡು ಬಾಳು" ಎಂದಿದ್ದರಂತೆ. ಅವಳು ವಾಪಸ್ ಹೋಗಲಿಲ್ಲ, ಒಳಗೂ ಬರಲಿಲ್ಲ. ಅಂದಿನಿಂದ ಅಪ್ಪ ಮಗಳ ನಡುವೆ ಮಾತು ನಿಂತುಹೋಗಿತ್ತು. ಅಂಕಲ್ ಕೆಲಸಕ್ಕೆ ಹೋದ ಹೊತ್ತು ನೋಡಿ ಅವಳು ತಾಯಿಗೆ ಫೋನ್ ಮಾಡುತ್ತಿದ್ದಳು. ಇದನ್ನೆಲ್ಲ ಹೇಳಿದ್ದು ಆಂಟಿ, ದೋಸೆ ಹುಯ್ಯುತ್ತಾ, ನನ್ನ ಕಡೆ ತಿರುಗದೆ.

ನನ್ನ ಎರಡನೇ ಚಳಿಗಾಲ ಹತ್ತಿರವಾಗಿತ್ತು. ಒಂದು ಭಾನುವಾರ ಅಂಕಲ್ ಬಂದು ಎದುರು ಕುಳಿತರು.

"ಡಾಕ್ಟ್ರೇ, ನಿಮ್ಮ ಗಾಜಿನ ಮನೆಯಲ್ಲಿ ಭತ್ತ ಉಂಟಲ್ಲ, ಸೆಪ್ಟೆಂಬರಿಗೆ ನಾಲ್ಕು ತೆನೆ ತಂದುಕೊಡ್ಲಿಕ್ಕೆ ಆಗ್ತದಾ?"

ಗ್ಲಾಸ್‌ಹೌಸಿನ ಪಕ್ಕದ ಕೋಣೆಯವರು ಭತ್ತ ಬೆಳೆಸುತ್ತಿದ್ದದ್ದು ನಿಜ. ಆದರೆ ಅದು ಪ್ರಯೋಗದ ಭತ್ತ, ಒಂದು ಕಾಳೂ ಹೊಸ್ತಿಲು ದಾಟುವಂತಿರಲಿಲ್ಲ. ಆಗೋದಿಲ್ಲ ಅಂಕಲ್ ಎಂದೆ. ಅವರು ಮುಖ ಊದಿಸಿಕೊಂಡು ಎದ್ದು ಹೋದರು. ಕಾರಣ ಹೇಳಿದ್ದೂ ಆಂಟಿಯೇ. ಅವರ ಕಡೆಯವರಿಗೆ ಸೆಪ್ಟೆಂಬರಿನಲ್ಲಿ ಮಾತೆ ಮರಿಯಮ್ಮನ ಹುಟ್ಟಿದ ದಿನ ಬರುತ್ತದೆ, ಅಂದೇ ತೆನೆ ಹಬ್ಬ. ಹೊಸ ತೆನೆಯನ್ನು ಚರ್ಚಿನಲ್ಲಿ ಮಂತ್ರಿಸಿ ತಂದು, ಕಾಳು ಸುಲಿದು ಪುಡಿ ಮಾಡಿ, ತೆಂಗಿನ ಹಾಲಿಗೆ ಹಾಕಿ ಮನೆಯ ಹಿರಿಯರು ಎಲ್ಲರಿಗೂ ಕೊಡಬೇಕು. ಊರಲ್ಲಿಲ್ಲದವರಿಗೂ ಪಾಲು ಉಂಟು. ಅಂಕಲ್ ಕುವೈತಿನಲ್ಲಿದ್ದಷ್ಟು ಕಾಲ ಅವರ ತಾಯಿ ತಪ್ಪದೆ ಲಕೋಟೆಯಲ್ಲಿ ಕಾಳು ಕಳಿಸುತ್ತಿದ್ದರು. ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ಕ್ವಾರಂಟೈನಿನವರು ಅದನ್ನು ತಡೆದು ಬಿಸಾಡಿದರು. ಆಮೇಲೆ ತಾಯಿಯೂ ಹೋದರು.

"ಈಗ ಮನೆಗೆ ಹಿರಿಯ ನಾನೇ ಅಲ್ವಾ? ಮಗಳ ಪಾಲು ನಾನೇ ಕಳಿಸ್ಬೇಕು," ಎಂದು ಅಂಕಲ್ ಎರಡು ದಿನದ ಮೇಲೆ ತಾವೇ ಹೇಳಿದರು. "ಬೇರೆ ಎಂತ ಕಳಿಸಿದ್ರೂ ಅವಳು ವಾಪಸ್ ಕಳಿಸ್ತಾಳೆ. ಇದನ್ನು ವಾಪಸ್ ಕಳಿಸ್ಲಿಕ್ಕಿಲ್ಲ."

ಅದನ್ನು ಕೇಳಿದ ಮೇಲೆ ಸುಮ್ಮನಿರುವುದು ನನ್ನಿಂದ ಆಗಲಿಲ್ಲ. ಅಡಿಲೇಡಿನ ಚಳಿಗಾಲದಲ್ಲಿ ಮನೆಯೊಳಗೆ ಭತ್ತ ಬೆಳೆಯುವುದು ಹುಚ್ಚು ಕೆಲಸ ಎಂದು ಗೊತ್ತಿದ್ದರೂ ಹೂಂ ಎಂದೆ. ಬೀಜ ಎಲ್ಲಿಂದ ತರುವುದು ಎಂದು ನಾನು ತಲೆ ಕೆರೆದುಕೊಳ್ಳುತ್ತಿರುವಾಗ ಅಂಕಲ್ ಸಾಕುಪ್ರಾಣಿಗಳ ಅಂಗಡಿಯಿಂದ ಗಿಳಿಗೆ ಹಾಕುವ ಕಾಳಿನ ಚೀಲ ಹೊತ್ತು ತಂದರು. ಅದರಲ್ಲಿ ಸಿಪ್ಪೆ ಸಮೇತದ ಭತ್ತ ಇತ್ತು! ಊಟದ ಮೇಜಿನ ಮೇಲೆ ಸುರುವಿಕೊಂಡು, ಕನ್ನಡಕ ಏರಿಸಿ, ನವಣೆ, ಸೂರ್ಯಕಾಂತಿಗಳ ನಡುವಿನಿಂದ ಭತ್ತವನ್ನು ಒಂದೊಂದಾಗಿ ಆರಿಸಿದರು. ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆವು. ಅರ್ಧದಷ್ಟು ಮೊಳಕೆ ಬಂತು.

ಕೆಸರು ತುಂಬಿ ಮೊಳಕೆ ನೆಟ್ಟ ಬಕೆಟ್‌ಗಳನ್ನು ಅಂಕಲ್ ಮನೆಯ ಹಿಂಭಾಗದ ದಕ್ಷಿಣದ ಕಿಟಕಿಗೆ ಸಾಲಾಗಿ ಇಟ್ಟರು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನಲ್ಲ! ಗಿಡಗಳ ಮೇಲೆ ಡಾಕ್ಟರೇಟ್ ಮಾಡಲು ಬಂದ ನಾನೂ ಹೌದೆಂದು ತಲೆಯಾಡಿಸಿದೆ. ಪೈರು ಬಿಳಿಚಿಕೊಳ್ಳತೊಡಗಿತು. ಒಂದು ವಾರ ಗೊಬ್ಬರದ ಬಗ್ಗೆ, ನೀರಿನ ಬಗ್ಗೆ ಗಂಭೀರ ಚರ್ಚೆ ನಡೆಸಿದೆವು. ಕೊನೆಗೆ ಬಟ್ಟೆ ಒಣಹಾಕಲು ಬಂದ ಆಂಟಿ, "ಅಲ್ಲ, ಇಲ್ಲಿ ಬಿಸಿಲು ಯಾವತ್ತು ಬಂದದ್ದುಂಟು?" ಎಂದರು. ನಾವು ಉಡುಪಿಯ ಸೂರ್ಯನನ್ನೂ ಮಂಡ್ಯದ ಸೂರ್ಯನನ್ನೂ ಹಾಗೇ ಹೊತ್ತು ತಂದಿದ್ದೆವು. ಈ ದೇಶದಲ್ಲಿ ಅವನು ಉತ್ತರಕ್ಕೆ ವಾಲುತ್ತಾನೆ. ಅಂಕಲ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆ ಮನೆಯಲ್ಲಿ ಉತ್ತರದ ಕಿಟಕಿ ಇದ್ದದ್ದು ನನ್ನ ಕೋಣೆಗೆ, ಅಂದರೆ ಮಗಳ ಕೋಣೆಗೆ. ಭತ್ತ ಅಲ್ಲಿಗೆ ಬಂತು. ಅದರ ಹಿಂದೆಯೇ ಹೀಟರೂ ಬಂತು. ಜಿಪುಣ ಅಂಕಲ್ ತಾವೇ ಬಂದು, "ರಾತ್ರಿ ಆಫ್ ಮಾಡ್ಬೇಡ ಮಾರಾಯ್ತಿ, ಪೈರಿಗೆ ಚಳಿ ಆಗ್ತದೆ," ಎಂದು ತಾಕೀತು ಮಾಡಿದರು. ಬಾಡಿಗೆ ಕೊಡುವವಳಿಗೆ ಸಿಗದ ಶಾಖ ಬಕೆಟ್ಟಿನ ಭತ್ತಕ್ಕೆ ಸಿಕ್ಕಿತು. ಆ ವರ್ಷ ನಾನು ಬೆಚ್ಚಗೆ ಮಲಗಿದ್ದು ಭತ್ತದ ಕೃಪೆಯಿಂದ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಅಂಕಲ್ ಬಾಗಿಲು ತಟ್ಟಿ ಒಳಗೆ ಬಂದು ಪೈರು ನೋಡುತ್ತಿದ್ದರು. ಎಷ್ಟೋ ಸಲ ಅವರ ಕಣ್ಣು ಪೈರಿನಿಂದ ಜಾರಿ ಗೋಡೆಯ ಮೇಲಿನ ಮಗಳ ಶಾಲೆಯ ಫೋಟೊದ ಮೇಲೆ ನಿಲ್ಲುತ್ತಿತ್ತು. ಒಂದು ದಿನ ಅಲ್ಲೇ ನಿಂತು, "ಅವತ್ತು ಬಾಗಿಲಲ್ಲಿ ನಾನು ಹಾಗೆ ಹೇಳ್ಬಾರ್ದಿತ್ತು," ಎಂದರು. ನನಗೆ ಹೇಳಿದರೋ ಫೋಟೊಗೆ ಹೇಳಿದರೋ...

ಜುಲೈ ಕೊನೆಯಲ್ಲಿ, ತೆನೆ ಇನ್ನೂ ಪೈರಿನ ಒಳಗಿರುವ ಹೊತ್ತಿನಲ್ಲಿ ಭಾರಿ ಗಾಳಿಗೆ ಬಡಾವಣೆಯ ಕರೆಂಟ್ ಹೋಗಿ ಎರಡು ದಿನ ಬರಲೇ ಇಲ್ಲ. ಇದ್ದಬದ್ದ ಕಂಬಳಿಗಳನ್ನೆಲ್ಲ ಬಕೆಟ್‌ಗಳಿಗೆ ಹೊದಿಸಿ ನಾವು ಜಾಕೆಟ್ ಹಾಕಿಕೊಂಡು ನಡುಗಿದೆವು. ಆಮೇಲೆ ತೆನೆಗಳೇನೋ ಹೊರಬಂದವು, ನೋಡಲು ಚೆನ್ನಾಗಿಯೇ ಇದ್ದವು. ಆದರೆ ಬಾಗಲಿಲ್ಲ. ಕಾಳು ಕಟ್ಟಿದ ತೆನೆ ಬಾಗುತ್ತದೆ, ಕಟ್ಟದ್ದು ನೆಟ್ಟಗೆ ನಿಂತಿರುತ್ತದೆ. ಇದನ್ನು ನಾನು ಅವರಿಗೆ ಹೇಳಬೇಕಾಗಿರಲಿಲ್ಲ, ಅವರು ನನಗೂ ಹೇಳಬೇಕಾಗಿರಲಿಲ್ಲ. ಅಂಕಲ್ ಒಂದು ಕಾಳನ್ನು ಉಗುರಿನಲ್ಲಿ ಒತ್ತಿ ನೋಡಿ "ಜೊಳ್ಳು" ಎಂದರು. ಇನ್ನೊಂದು ಒತ್ತಿದರು. ಗೋಡೆ ಪಕ್ಕದ ಒಂದು ಬಕೆಟ್ಟಿನಲ್ಲಿ ಮಾತ್ರ, ಅದೂ ಬುಡದ ಕಡೆಯ ತೆನೆಗಳಲ್ಲಿ, ಅಷ್ಟೋ ಇಷ್ಟೋ ಕಾಳು ಗಟ್ಟಿಯಾಗಿತ್ತು.

ಹಬ್ಬದ ದಿನ ಚರ್ಚಿನ ಮಕ್ಕಳು ಫುಟ್‌ಪಾತ್ ಬದಿಯಲ್ಲಿ ಚಳಿಗಾಲವಿಡೀ ಅರಳುವ ಹಳದಿ ಕಳೆಹೂಗಳನ್ನು ಬುಟ್ಟಿ ತುಂಬ ಕಿತ್ತು ತಂದು ಮರಿಯಮ್ಮನ ಪಾದಕ್ಕೆ ಹಾಕಿದರು. ಉಳಿದವರೆಲ್ಲ ಗೋಧಿಯ ತೆನೆ, ಪ್ಲಾಸ್ಟಿಕ್ ತೆನೆ ಹಿಡಿದು ನಿಂತಿದ್ದರೆ ನಮ್ಮ ಅಂಕಲ್ ಕೈಯಲ್ಲಿ ಭತ್ತ. ಅವರ ನೆಟ್ಟನೆಯ ಭಂಗಿ ನೋಡಬೇಕಿತ್ತು! ಮನೆಗೆ ಬಂದು ಕಾಳು ಬಿಡಿಸಿದಾಗ ಎಲ್ಲ ಸೇರಿ ಒಂದು ಹಿಡಿಯೂ ಆಗಲಿಲ್ಲ. ಅಂಕಲ್ ಅದನ್ನು ಎರಡು ಪಾಲು ಮಾಡಿದರು. ಒಂದು ಪಾಲನ್ನು ಸುಲಿದು ಪುಡಿ ಮಾಡಿ ತೆಂಗಿನ ಹಾಲಿಗೆ ಹಾಕಿ ಮೊದಲು ಆಂಟಿಗೆ, ಆಮೇಲೆ ನನಗೆ ಕೊಟ್ಟರು. ಬೇರೆ ಧರ್ಮದವಳು, ಬಾಡಿಗೆಯವಳು ಎಂದು ಅವರು ನೋಡಲಿಲ್ಲ. ಮನೆಯಲ್ಲಿ ಇದ್ದವರಿಗೆಲ್ಲ ಪಾಲು. ಇನ್ನೊಂದು ಪಾಲನ್ನು ಸಿಪ್ಪೆ ಸಮೇತ ಲಕೋಟೆಗೆ ಹಾಕಿದರು.

"ಸುಲಿದು ಪುಡಿ ಮಾಡಿ ಕಳಿಸಿ," ಎಂದರು ಆಂಟಿ. "ಹಾಲಿಗೆ ಹಾಕಿ ಕುಡೀಲಿ ಪಾಪ. ಅವಳಿಗೆಲ್ಲಿ ಪುರುಸೊತ್ತು?"

"ಬೇಡ. ಹಾಗೇ ಹೋಗ್ಲಿ," ಎಂದರು ಅಂಕಲ್. "ಪುಡಿ ಕಳಿಸಿದ್ರೆ ಅವಳಿಗೆ ಕೇಳ್ಲಿಕ್ಕೆ ಎಂತ ಉಂಟು?"

ಆಮೇಲೆ ಕಾಯುವುದೇ ಕೆಲಸವಾಯಿತು. ಅಂಕಲ್ ಸ್ನಾನಕ್ಕೆ ಹೋದರೂ ಫೋನನ್ನು ಬಾಗಿಲ ಪಕ್ಕ ಇಟ್ಟು ಹೋಗುತ್ತಿದ್ದರು. ಒಂದು ಸಂಜೆ ಅವರು ಮೀನು ತೊಳೆಯುತ್ತಿದ್ದಾಗ ಫೋನ್ ಬಂತು. ಕೈ ಒದ್ದೆ ಎಂದು ಆಂಟಿ ಸ್ಪೀಕರ್ ಹಾಕಿದರು.

"ಡ್ಯಾಡ್," ಎಂದಿತು ಒಂದು ಧ್ವನಿ. "ಇದನ್ನ ಹೇಗೆ ಸುಲಿಯೋದು?"

ಅವಳದು ಇಂಗ್ಲಿಷ್, ಇವರದು ಕೊಂಕಣಿ. ಅಷ್ಟರಲ್ಲಿ ನನಗೂ ಕೊಂಕಣಿ ಅರ್ಥವಾಗುತ್ತಿತ್ತು. ಅಂಕಲ್ ಶುರು ಮಾಡಿದರು. ಮೊದಲು ಬಿಸಿಲಿಗೆ ಇಡು, ಉತ್ತರದ ಕಿಟಕಿಗೆ, ನೆನಪಿಡು, ಉತ್ತರ. ಮಿಕ್ಸಿಗೆ ಹಾಕಬೇಡ. ಒರಟು ಬಟ್ಟೆಯ ಮೇಲೆ ಹಾಕಿ ಅಂಗೈಯಲ್ಲಿ ಉಜ್ಜು. ಮೆಲ್ಲಗೆ ಊದು, ಜೋರಾಗಿ ಊದಿದರೆ ಕಾಳೂ ಹಾರುತ್ತದೆ. ನಡುವೆ ಅವರ ತಾಯಿ ಹೇಗೆ ಊದುತ್ತಿದ್ದರು ಎಂಬುದು ಬಂತು, ಕುವೈತಿನ ಫ್ಲ್ಯಾಟು ಬಂತು, ನಮ್ಮ ದಕ್ಷಿಣದ ಕಿಟಕಿಯ ಕಥೆಯೂ ಬಂತು. ಆ ಕಡೆಯಿಂದ ಹೂಂ, ಹೂಂ ಅಷ್ಟೇ. ಕೊನೆಗೆ, "ಹಿರಿಯರ ಕೈಯಿಂದ ತಗೊಳ್ಬೇಕು..." ಎಂದವರು ತಡೆದರು. "ನೀನೊಬ್ಬಳೇ ಇರೋದಲ್ವಾ ಮಗಾ. ಅಲ್ಲಿ ನೀನೇ ಹಿರಿಯಳು."

ಅದೇ ಅವರು ಕೇಳಿದ ಕ್ಷಮೆ ಎಂದು ನಾನು ಅಂದುಕೊಂಡಿದ್ದೇನೆ. ಫೋನ್ ಇಟ್ಟ ಮೇಲೆ ತೊಳೆದ ಮೀನನ್ನೇ ಮತ್ತೆ ತೊಳೆದರು.

ಅವಳು ಮನೆಗೆ ಬರಲಿಲ್ಲ. ಒಡೆದದ್ದೆಲ್ಲ ಕೂಡಿಬಿಡುವುದು ಅಷ್ಟು ಸುಲಭವೂ ಅಲ್ಲ. ಆದರೆ ಮುಂದಿನ ವರ್ಷವೂ ಕಾಳು ಹೋಯಿತು, ಮುಂದಿನ ವರ್ಷವೂ ಫೋನ್ ಬಂತು, ಅದೇ ಪ್ರಶ್ನೆ. ಅಂಕಲ್ ಮತ್ತೆ ಮೊದಲಿನಿಂದ ಹೇಳಿದರು. ಹೋದ ವರ್ಷ ಕಲಿತದ್ದನ್ನು ಇಷ್ಟು ಬೇಗ ಮರೆತಳೇ ಎಂದು ನನಗೆ ಸ್ವಲ್ಪ ಸಿಟ್ಟೂ ಬಂತು. ಮಾತನಾಡಲು ಅವರಿಗೆ ಬೇರೆ ಏನೂ ಇರಲಿಲ್ಲ, ವರ್ಷಕ್ಕೊಮ್ಮೆ ಅದೊಂದೇ. ನಾನು ಪಿಎಚ್‌ಡಿ ಮುಗಿಸಿ ಪರ್ತ್‌ಗೆ ಬಂದೆ, ಫ್ರೀಮ್ಯಾಂಟಲ್ ಬಂದರಿನಲ್ಲಿ ಧಾನ್ಯ ಪರೀಕ್ಷಿಸುವ ಕೆಲಸ ಹಿಡಿದೆ, ಮದುವೆ, ಮಗಳು... ಅಡಿಲೇಡ್‌ನಲ್ಲಿ ಭತ್ತ ಬೆಳೆಯುವುದು ನಿಲ್ಲಲಿಲ್ಲ. ನಾನು ಬಿಟ್ಟ ಕೋಣೆಯನ್ನು ಅಂಕಲ್ ಮತ್ತೆ ಯಾರಿಗೂ ಬಾಡಿಗೆಗೆ ಕೊಡಲಿಲ್ಲವಂತೆ.

ಈ ಆಗಸ್ಟಿನಲ್ಲಿ ಅಂಕಲ್ ಹೋದರು. ಹೃದಯಾಘಾತ. ವಿಮಾನ ಹತ್ತಿ ಹೋದೆ. ಅವರ ಮಗಳೂ ಬಂದಿದ್ದಳು. ಅಷ್ಟು ವರ್ಷ ಅವಳ ಮಂಚದಲ್ಲಿ ಮಲಗಿದ್ದ ನಾನು ಅವಳನ್ನು ನೋಡಿದ್ದು ಅದೇ ಮೊದಲು. ಮಣ್ಣು ಮಾಡಿ ಬಂದ ಸಂಜೆ ಅಡುಗೆಮನೆಯಲ್ಲಿ ಮೂವರೇ ಉಳಿದೆವು. ಅಂಕಲ್ ಬಿತ್ತನೆಗೆಂದು ಎತ್ತಿಟ್ಟಿದ್ದ ಭತ್ತದ ಬಾಟಲಿ ಮೇಜಿನ ಮೇಲಿತ್ತು. ಅವಳು ಏನೋ ಯೋಚಿಸುತ್ತಾ ನಾಲ್ಕು ಕಾಳು ಅಂಗೈಗೆ ಹಾಕಿಕೊಂಡಳು. ಇನ್ನೊಂದು ಅಂಗೈಯಿಂದ ಒಂದು ಸುತ್ತು ಉಜ್ಜಿ, ತುಟಿ ಮುಂದೆ ಮಾಡಿ ಮೆಲ್ಲಗೆ ಊದಿದಳು. ಹೊಟ್ಟು ಹಾರಿಹೋಗಿ ಅಕ್ಕಿ ಮಾತ್ರ ಉಳಿಯಿತು. ಎಷ್ಟೋ ಸಲ ಮಾಡಿದ ಕೈಯೆಂದು ನೋಡಿದರೇ ತಿಳಿಯುತ್ತಿತ್ತು.

"ನಿಮಗೆ ಬರುತ್ತಾ?" ಎಂದೆ.

"ಆಫ್ ಕೋರ್ಸ್ ಅಕ್ಕಾ," ಎಂದಳು. "ಚಿಕ್ಕವಳಿದ್ದಾಗ್ಲೇ ಡ್ಯಾಡ್ ಕಲಿಸಿದ್ದು. ಕುವೈತ್‌ನಲ್ಲಿ ನಮ್ಮನೆ ಕಾಳೆಲ್ಲಾ ನಾನೇ ಸುಲೀತಿದ್ದೆ."

ನಾನು ಆಂಟಿಯ ಮುಖ ನೋಡಿದೆ. ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಅವಳಿಗೆ ಬರ್ತದೆ ಅಂತ ಅವರಿಗೆ ಗೊತ್ತಿಲ್ಲದ್ದಾ? ಕಲಿಸಿದ್ದೇ ಅವರು," ಎಂದರು.

ಹಬ್ಬ ಕಳೆದು ಈಗ ಒಂದು ವಾರ. ಈ ಸಲದ ತೆನೆ ಕೊಯ್ದದ್ದು ಆಂಟಿ, ಬ್ರಿಸ್ಬೇನಿಗೆ ಕಾಳು ಕಳಿಸಿದ್ದೂ ಆಂಟಿ, ಸಿಪ್ಪೆ ಸಮೇತ. ಇವತ್ತು ಮಧ್ಯಾಹ್ನ ನನ್ನ ಫೋನ್ ಹೊಡೆದುಕೊಂಡಿತು. "ಅಕ್ಕಾ," ಎಂದಳು ಅಂಕಲ್ ಮಗಳು, "ಇದನ್ನ ಹೇಗೆ ಸುಲಿಯೋದು?"

ಅವಳಿಗೆ ಬರುತ್ತದೆಂದು ನನಗೆ ಗೊತ್ತಿತ್ತು. ಆದರೂ ಹೇಳಿದೆ. ಬಿಸಿಲಿಗೆ ಇಡು, ಒರಟು ಬಟ್ಟೆಯ ಮೇಲೆ ಉಜ್ಜು, ಮೆಲ್ಲಗೆ ಊದು. ಅಷ್ಟಕ್ಕೇ ಮುಗಿದುಹೋಯಿತು. ಅವಳು ಇನ್ನೂ ಏನೋ ಇದೆಯೆಂಬಂತೆ ಆ ಕಡೆ ಕಾಯುತ್ತಲೇ ಇದ್ದಳು. ನನಗೆ ಅದಕ್ಕಿಂತ ಹೆಚ್ಚು ಹೇಳಲು ಗೊತ್ತಿರಲಿಲ್ಲ.