ಡಬ್ಬಿಯಲ್ಲಿ ಉಳಿದ ಕೊಂಡಿ

ನನ್ನ ಸೊಂಟದಲ್ಲಿರುವ ಬೆಳ್ಳಿಯ ಉಡಿದಾರ ಅಪ್ಪನದು. ಮುಂಬಯಿಯ ಭಾಂಡುಪಿನ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತಲ್ಲೇ ಅವರು ಹೋದರು, ಐವತ್ತಾರನೆಯ ವಯಸ್ಸಿಗೆ, ಎದೆನೋವು ಬಂದು. ಸತ್ತವರ ಉಡಿದಾರವನ್ನು ಕರಗಿಸಿ ಹೊಸದು ಮಾಡಿಸು ಎಂದು ನೆಂಟರೆಲ್ಲ ಹೇಳಿದರು. ನಾನು ಹಠಮಾರಿ, ಕೇಳಲಿಲ್ಲ. ಅಪ್ಪನ ಹೊಟ್ಟೆ ದೊಡ್ಡದು, ನಾನು ಆಗ ಹಂಚಿಕಡ್ಡಿ. ಮುಲುಂಡಿನ ನಮ್ಮ ಮನೆಯ ಹತ್ತಿರದ ಅಕ್ಕಸಾಲಿಗ ಏಳು ಕೊಂಡಿ ತೆಗೆದು ಅದನ್ನು ನನ್ನ ಅಳತೆಗೆ ತಂದ. ಹೊಸದಾಗಿ ಮದುವೆಯಾಗಿ ಬಂದಿದ್ದ ಹೆಂಡತಿ ಆ ಏಳನ್ನೂ ಕುಂಕುಮದ ಹಳೆಯ ಡಬ್ಬಿಯಲ್ಲಿ ಹಾಕಿ ದೇವರ ಮುಂದೆ ಇಟ್ಟಳು.

ಆಮೇಲೆ ಗಲ್ಲಾದಲ್ಲಿ ನಾನು ಕೂತೆ. ಬೆಳಿಗ್ಗೆ ಮೊದಲ ಗಿರಾಕಿ ಬರುವ ಮುಂಚೆ ಸಾಂಬಾರು, ಚಟ್ನಿ, ಮೊದಲ ಎಣ್ಣೆಯ ವಡೆ ಎಲ್ಲವನ್ನೂ ಯಜಮಾನ ತಿಂದು ನೋಡಬೇಕು ಎಂಬುದು ಅಪ್ಪ ಹಾಕಿದ ಪದ್ಧತಿ. ರುಚಿ ನೋಡಲು ಒಂದು ಚಮಚ ಸಾಕು ಎಂಬುದು ಅವರಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ. ಉಡಿದಾರ ಬಿಗಿಯಾದಾಗಲೆಲ್ಲ ಡಬ್ಬಿಯಿಂದ ಒಂದು ಕೊಂಡಿ ಅಕ್ಕಸಾಲಿಗನ ಅಂಗಡಿಗೆ ಹೋಗುತ್ತಿತ್ತು. ನನಗೆ ಐವತ್ತೈದು ತುಂಬಿದಾಗ ಡಬ್ಬಿಯಲ್ಲಿ ಉಳಿದದ್ದು ಒಂದೇ. ಅದೂ ಸೇರಿದರೆ ನನ್ನ ಸುತ್ತಳತೆ ಅಪ್ಪನದ್ದೇ.

ಕೆಲವು ತಿಂಗಳಲ್ಲೇ ಉಡಿದಾರ ಮತ್ತೆ ಬಿಗಿಯಾಯಿತು. ಕೊಂಡಿ ಕೇಳಿದೆ.

"ಅದನ್ನು ನಾನು ಕೊಡುದಿಲ್ಲ," ಎಂದಳು ಹೆಂಡತಿ. "ಬೇಕಾದ್ರೆ ನೀವು ಹೊಟ್ಟೆ ಇಳಿಸಿ."

ನನಗೂ ಒಳಗೊಳಗೆ ಹೆದರಿಕೆಯಿತ್ತು. ಡಾಕ್ಟರು ಬೇರೆ ಹೊಕ್ಕುಳ ಮಟ್ಟದಲ್ಲಿ ಟೇಪು ಸುತ್ತಿ ಅಳೆದು, ಲಿವರಿಗೂ ಕೊಬ್ಬು ಹತ್ತಿದೆ, ಮೂರು ತಿಂಗಳಲ್ಲಿ ಇದು ಇಳಿಯಬೇಕು ಎಂದಿದ್ದರು.

ಮಗಳು ಆನ್‌ಲೈನಿನಲ್ಲಿ ಒಂದು ತೂಕದ ಯಂತ್ರ ತರಿಸಿದಳು. ಅದರ ಮೇಲೆ ಬರಿಗಾಲಲ್ಲಿ ನಿಂತರೆ ಮೈಯಲ್ಲಿ ಕೊಬ್ಬು ನೂರಕ್ಕೆ ಎಷ್ಟು ಎಂದು ಮೊಬೈಲಿನಲ್ಲಿ ಬರುತ್ತದೆ. ಎದ್ದ ಕೂಡಲೇ ನಿಂತರೆ ಮೂವತ್ತಮೂರು, ಸ್ನಾನ ಮಾಡಿ ಒದ್ದೆ ಕಾಲಲ್ಲಿ ನಿಂತರೆ ಇಪ್ಪತ್ತೊಂಬತ್ತು.

"ಹಾಗಾದ್ರೆ ದಿನಕ್ಕೆ ನಾಲ್ಕು ಸ್ನಾನ ಮಾಡಿದ್ರೆ ಸಾಕಲ್ಲ," ಎಂದೆ.

"ಪಪ್ಪಾ, ಸೀರಿಯಸ್ ಆಗಿ ನೋಡಿ ನಾ. ರೋಜ್ ಒಂದೇ ಟೈಮಿಗೆ ನಿಲ್ಬೇಕು," ಎಂದು ಅವಳು ರೇಗಿದಳು.

ಬಿಲ್ಡಿಂಗಿನ ಜಿಮ್ಮಿನವನು ಇಕ್ಕಳದಂಥ ಒಂದನ್ನು ತಂದು ಹೊಟ್ಟೆಯ ಚರ್ಮವನ್ನು ಚಿವುಟಿ ಹಿಡಿದು ಅಳೆದ. ಅವನಿಗೆ ಸಿಕ್ಕಿದ್ದು ಮೂರನೆಯ ಒಂದು ಸಂಖ್ಯೆ.

ಕೊನೆಗೆ ಬಿಲ್ಡಿಂಗ್ ಸೊಸೈಟಿಯ ಸಭಾಂಗಣದಲ್ಲಿ ಆರೋಗ್ಯ ತಪಾಸಣೆಯ ಶಿಬಿರ ನಡೆಯಿತು. ಮೈಯೊಳಗೆ ಸಣ್ಣ ಕರೆಂಟು ಹಾಯಿಸಿ ಕೊಬ್ಬು ಎಲ್ಲೆಲ್ಲಿ ಎಷ್ಟಿದೆ ಎಂದು ಹೇಳುವ ದೊಡ್ಡ ಯಂತ್ರ ತಂದಿದ್ದರು. ಹೆಂಡತಿಯೇ ನನ್ನನ್ನು ಎಳೆದು ತಂದು ಸಾಲಿನಲ್ಲಿ ನಿಲ್ಲಿಸಿದಳು. ಗಡಿಯಾರ, ಉಂಗುರ ತೆಗೆದು ಯಂತ್ರ ಹತ್ತಿದೆ. ಕೈ ಎತ್ತುವಾಗ ಅಂಗಿಯಡಿ ಹೊಳೆದದ್ದನ್ನು ಯಂತ್ರದ ಹುಡುಗಿ ಕಂಡಳು.

"ಅಂಕಲ್, ವೋ ಭೀ ನಿಕಾಲ್ನಾ ಪಡೇಗಾ. ಮೆಟಲ್ ಹೈ ನಾ."

ಲೋಹವಂತೆ, ಉಡಿದಾರವನ್ನೂ ತೆಗೆಯಬೇಕಂತೆ! ಗಂಡಸಿನ ಸೊಂಟ ಬರಿದಾಗುವುದು ಹೆಣವಾದ ಮೇಲೆಯೇ ಎಂದು ನಂಬಿದ ಮನೆ ನಮ್ಮದು. ಅಕ್ಕಸಾಲಿಗನಿಗೆ ಕೊಡುವಾಗಲೂ ಮೊದಲು ಕಪ್ಪು ನೂಲು ಕಟ್ಟಿಕೊಂಡು, ಆಮೇಲೆ ಇದನ್ನು ಬಿಚ್ಚುತ್ತೇನೆ. ಅಲ್ಲಿ ನೂಲು ಎಲ್ಲಿಂದ ತರಲಿ? ಹೆಂಡತಿಯ ಮುಖ ನೋಡಿದೆ.

"ಇಳಿಯಿರಿ," ಎಂದಳು. ಮನೆಗೆ ಮೆಟ್ಟಿಲು ಹತ್ತುವಾಗ ಅವಳಿಗೇ ನಗು ಬಂತು. "ಬೆಣ್ಣೆ ಕೈಲಿಟ್ಕೊಂಡು ತುಪ್ಪಕ್ಕೆ ಅಲೆದ ಹಾಗಾಯ್ತು ನಮ್ದು. ಅಳತೆ ಸೊಂಟದಲ್ಲೇ ಉಂಟಲ್ಲ."

ಮರುದಿನದಿಂದ ದಿನಾ ಬೆಳಿಗ್ಗೆ ಕಾಫಿಗೆ ಮೊದಲು ಅವಳು ಉಡಿದಾರಕ್ಕೂ ಹೊಟ್ಟೆಗೂ ನಡುವೆ ಬೆರಳು ತೂರಿಸಿ ನೋಡತೊಡಗಿದಳು. ಮೊದಲ ದಿನ ಕಿರುಬೆರಳೂ ಹೋಗಲಿಲ್ಲ. ನಾನು ಭಾಂಡುಪ್ ಸ್ಟೇಷನ್ನಿನಿಂದ ರಿಕ್ಷಾ ಬಿಟ್ಟು ಹೋಟೆಲಿಗೆ ನಡೆದೆ. ವಡೆಯ ತುದಿ ಮುರಿದು ಬಾಯಿಗಿಟ್ಟು ಉಳಿದದ್ದನ್ನು ಅತ್ತ ಸರಿಸಿದೆ. ಇಪ್ಪತ್ತು ವರ್ಷದಿಂದ ನಮ್ಮಲ್ಲಿರುವ ಅಡುಗೆಯವನು ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ಬಂದು, "ವಡೆಯಲ್ಲಿ ಎಂತ ತಪ್ಪಾಗಿದೆ, ಹೇಳಿಬಿಡಿ ಧಣಿ," ಎಂದ. ತಪ್ಪು ಹೊಟ್ಟೆಯದು ಎಂದು ಒಪ್ಪಿಸುವಷ್ಟರಲ್ಲಿ ಸಾಕಾಯಿತು.

ಎರಡನೆಯ ತಿಂಗಳಿಗೆ ಒಂದು ಬೆರಳು ಹೋಯಿತು, ಮೂರನೆಯದಕ್ಕೆ ಎರಡು. ಡಾಕ್ಟರ ಟೇಪೂ ಹೌದೆಂದಿತು. ನನಗೆ ಐವತ್ತಾರು ತುಂಬಿದ ವಾರ ಕಪ್ಪು ನೂಲು ಕಟ್ಟಿಕೊಂಡು ಅಕ್ಕಸಾಲಿಗನಲ್ಲಿಗೆ ಹೋಗಿ ಒಂದು ಕೊಂಡಿ ತೆಗೆಸಿ ತಂದೆ. ಹೆಂಡತಿ ಬಟ್ಟೆಯ ಕಪಾಟು ತೆರೆದು, ತನ್ನ ಧಾರೆ ಸೀರೆಯ ಮಡಿಕೆಯೊಳಗಿಂದ ಕುಂಕುಮದ ಡಬ್ಬಿ ತೆಗೆದಳು. ಅದು ಅಲ್ಲಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಹೇಳದೆ ಆ ಕೊನೆಯದನ್ನು ಒಯ್ದು ಹಾಕಿಸಿಕೊಂಡುಬಿಟ್ಟೇನೆಂದು ಇಷ್ಟು ದಿನ ಬಚ್ಚಿಟ್ಟಿದ್ದಳು.

ಕೊಂಡಿಯನ್ನು ಅದರೊಳಗೆ ಹಾಕಿ, ಮುಚ್ಚಿ, ನನ್ನ ಕಿವಿಯ ಹತ್ತಿರ ಅಲುಗಿಸಿದಳು. "ಕೇಳ್ತದಾ? ಈಗ ಎರಡು ಉಂಟು."

ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಡಬ್ಬಿಯನ್ನು ತಿರುಗಿ ದೇವರ ಮುಂದೆ ಇಟ್ಟಳು.